ಆಂಬಿಯಂಟ್ ನಲವತ್ತು

ಒಂದು ಶೆಡ್ಡಿನಲ್ಲಿ ಎಷ್ಟು ಬೆಳಕಿತ್ತು ಎಂಬುದನ್ನು ನಿಶಾಂತ ಸೊನ್ನೆಯಿಂದ ನೂರರೊಳಗಿನ ಒಂದು ಅಂಕಿಯಲ್ಲಿ ಹೇಳಬೇಕಾಗಿತ್ತು. ಗುರುವಾರ ಬೆಳಿಗ್ಗೆ ಹತ್ತರೊಳಗೆ.

ಶೆಡ್ಡು ಹೈದರಾಬಾದಿನ ಜೀಡಿಮೆಟ್ಲಾದ ಒಂದು ರಾಸಾಯನಿಕ ಕಾರ್ಖಾನೆಯದು. ಅದಕ್ಕೆ ಕಿಟಕಿ ಇರಲಿಲ್ಲ. ಹಿಂದಿನ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದೂ ನಲವತ್ತಕ್ಕೆ ಅಲ್ಲಿ ಕರೆಂಟು ಹೋಯಿತು. ಎರಡಾಳೆತ್ತರದ ಉಕ್ಕಿನ ರಿಯಾಕ್ಟರಿನೊಳಗೆ ಕುದಿಯುತ್ತಿದ್ದ ಮಾಲನ್ನು ಕಲಕುವ ಯಂತ್ರ ನಿಂತಿತು. ಹಾಗೆ ನಿಂತ ತಕ್ಷಣ ತಣ್ಣೀರಿನ ವಾಲ್ವು ತೆರೆಯಬೇಕು. ತಾಯಪ್ಪ ಎಂಬ ಕಂತ್ರಾಟು ಕೆಲಸಗಾರ ತೆರೆದದ್ದು ಅದರ ಪಕ್ಕದ ಹಬೆಯ ವಾಲ್ವು. ನಾಲ್ಕು ನಿಮಿಷಕ್ಕೆ ರಿಯಾಕ್ಟರ್ ಒಡೆಯಿತು. ಜೊತೆಗಿದ್ದ ಗುರುಶಾಂತ ಅಲ್ಲೇ ಸತ್ತ. ತಾಯಪ್ಪ ಮೈಯ ಅರ್ಧ ಸುಟ್ಟುಕೊಂಡು ದವಾಖಾನೆ ಸೇರಿದ. ವಾರ್ಡಿನ ಬಾಗಿಲಿಗೆ ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಪೊಲೀಸ್.

ತಣ್ಣೀರಿನ ವಾಲ್ವಿಗೆ ನೀಲಿ ಪಟ್ಟಿ, ಹಬೆಯದಕ್ಕೆ ಕೆಂಪು ಪಟ್ಟಿ. ಪ್ರಶ್ನೆ ಇಷ್ಟೇ: ತಾಯಪ್ಪನಿಗೆ ಬಣ್ಣ ಕಾಣುತ್ತಿತ್ತೇ? ಕಂಡೂ ತಪ್ಪು ವಾಲ್ವು ತಿರುಗಿಸಿದ್ದರೆ ಗುರುಶಾಂತನ ಸಾವು ಅವನ ತಲೆಗೆ. ವಾರ್ಡಿನಿಂದ ನೇರ ಜೈಲಿಗೆ. ಕಾಣದಿದ್ದರೆ, ಬೆಳಕು ಕೊಡದ ಕಾರ್ಖಾನೆಯ ತಲೆಗೆ. ಕಾರ್ಖಾನೆ ನೇಮಿಸಿದ ವಿಚಾರಣಾ ಸಮಿತಿಗೆ ತೋರಿಸಲು ಎರಡು ನಿಮಿಷದ ಆನಿಮೇಶನ್ ಚಿತ್ರ ಬೇಕೆಂದು ಕಾರ್ಖಾನೆಯ ವಕೀಲರು ಕೇಳಿದ್ದರು. ಸಮಿತಿ ಬರೆದುಕೊಟ್ಟದ್ದನ್ನೇ ಪೊಲೀಸರು ಹಿಡಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಿಶಾಂತ ಕೆಲಸ ಮಾಡುತ್ತಿದ್ದ ಸ್ಟುಡಿಯೋ ಕೂಕಟ್‌ಪಲ್ಲಿಯಲ್ಲಿ, ಮೆಟ್ರೋ ಕಂಬಗಳ ಎದುರಿನ ಕಟ್ಟಡದ ಮೂರನೇ ಮಹಡಿ. ಕೆಳಗೆ ಟಿಫಿನ್ ಸೆಂಟರ್. ಹನ್ನೊಂದು ಗಂಟೆಯವರೆಗೂ ಕಂಪ್ಯೂಟರುಗಳಿಗೆ ಒಗ್ಗರಣೆಯ ವಾಸನೆ. ಇನ್ನೂ ಕಟ್ಟದ ಫ್ಲ್ಯಾಟುಗಳ ಬಾಲ್ಕನಿಗೆ ಸಂಜೆ ಬಿಸಿಲು ಹಾಕುವುದು, ತೋಡದ ಈಜುಕೊಳಕ್ಕೆ ನೀರು ತುಂಬುವುದು ಅಲ್ಲಿನ ನಿತ್ಯದ ಕೆಲಸ. ಮಾಲೀಕ ಆನಂದಕುಮಾರ ಬೀದರಿನವನು. ನಿಶಾಂತನ ಅಪ್ಪ ರಾಯಚೂರಿನಿಂದ ಬಂದು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಮೂವತ್ತು ವರ್ಷ. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ.

ಸಾಫ್ಟ್‌ವೇರಿನಲ್ಲಿ ನಾಲ್ಕಾರು ಜಾತಿಯ ದೀಪಗಳಿವೆ, ಅವುಗಳಲ್ಲಿ ಒಂದು ಆಂಬಿಯಂಟ್. ಮಿಕ್ಕವಕ್ಕೆ ಒಂದು ಜಾಗ, ಒಂದು ದಿಕ್ಕು, ಒಂದು ನೆರಳು ಇದ್ದೇ ಇರುತ್ತದೆ. ಆಂಬಿಯಂಟ್‌ಗೆ ಯಾವುದೂ ಇಲ್ಲ. ಅದು ಎಲ್ಲಿಂದಲೂ ಬರುವುದಿಲ್ಲ, ಎಲ್ಲ ಕಡೆ ಇರುತ್ತದೆ. ಮೇಜಿನ ಅಡಿಗೂ ಅಷ್ಟೇ, ಕೊಳವೆಯ ಹಿಂದೂ ಅಷ್ಟೇ, ಮುಚ್ಚಿದ ಮುಷ್ಟಿಯೊಳಗೂ ಅಷ್ಟೇ. ಅಂಥ ಬೆಳಕು ಲೋಕದಲ್ಲಿಲ್ಲ. ಆದರೆ ಅದನ್ನು ಹಾಕದಿದ್ದರೆ ಚಿತ್ರದ ಮೂಲೆಗಳೆಲ್ಲ ಮಸಿಯಾಗುತ್ತವೆ, ಆದ್ದರಿಂದ ಎಲ್ಲರೂ ಒಂದಿಷ್ಟು ಹಾಕುತ್ತಾರೆ.

ವಕೀಲರು ಕಳಿಸಿದ ಟಿಪ್ಪಣಿಯ ಒಂಬತ್ತನೆಯ ಸಾಲಿನಲ್ಲಿ ಬೆಳಕಿನ ವಿಷಯವಿತ್ತು. ಕರೆಂಟು ಹೋದ ಮೇಲೆ ಗೋಡೆಯ ಬ್ಯಾಟರಿ ದೀಪ ಹತ್ತಿತು. ಆಮೇಲೆ ಅದರ ಬೆಳಕು ಇನ್ನೂ ಹೆಚ್ಚಾಯಿತು. ಹೀಗೆ ಹೇಳಿದವಳು ಅದೇ ಶೆಡ್ಡಿನಲ್ಲಿ ಕಸ ಗುಡಿಸುತ್ತಿದ್ದ ಗದಿಗೆಮ್ಮ, ತಾಯಪ್ಪನ ಹೆಂಡತಿ.

ನಿಶಾಂತ ಆಂಬಿಯಂಟನ್ನು ಅರವತ್ತೆರಡಕ್ಕೆ ತಂದು ನಿಲ್ಲಿಸಿದ. ಆ ಅಂಕಿಯಲ್ಲಿ ಕೆಂಪು ಕೆಂಪಾಗಿತ್ತು, ನೀಲಿ ನೀಲಿಯಾಗಿತ್ತು. ವಾಲ್ವುಗಳ ಮುಂದೆ ನಿಂತ ಮುಖವಿಲ್ಲದ ಬೂದು ಗೊಂಬೆ ಕೈ ಚಾಚಿ ಕೆಂಪನ್ನೇ ಹಿಡಿಯುತ್ತಿತ್ತು. ನೋಡಿದವರು ಥೂ ಅನ್ನುವಂತಿತ್ತು.

"ಬರಾಬರ್ ಐತಿ," ಎಂದ ಆನಂದಕುಮಾರ ಹಿಂದೆ ನಿಂತು. "ಕಟಗೊಂಡ ಹೆಣ್ತೀನ ಹೇಳ್ಯಾಳ, ಬೆಳಕಿತ್ತು ಅಂತ. ಇನ್ನ ಯಾವ ಸಾಕ್ಷಿ ಬೇಕು?"

"ಅಣ್ಣಾ, ಬ್ಯಾಟರಿ ದೀಪ ಹೊತ್ತು ಹೋದಂಗ ಕಡಿಮಿ ಆಗ್ತಾವ. ಇದು ಹ್ಯಾಂಗ ಜಾಸ್ತಿ ಆತು?"

"ಅದನ್ನ ಬ್ಯಾಟರಿ ಕಂಪನಿ ಕೇಳು."

"ದೀಪ ಎಲ್ಲಿತ್ತು ಅಂತಾದ್ರೂ ಗೊತ್ತಾಗಬೇಕಲ್ರಿ. ನೆರಳು ಯಾ ಕಡಿ ಬೀಳಸ್ಲಿ? ಅಕಿ ಮಾತಾಡಿದ್ದ ಆಡಿಯೋ ಇದ್ರ ಕಳಸು ಅನ್ರಿ."

ಆಡಿಯೋ ಸಂಜೆ ಬಂತು. ಆರು ನಿಮಿಷ. ಹಿಂದೆ ಎಲ್ಲೋ ಲಾರಿಯ ಹಾರ್ನು, ಯಾರೋ ಕೆಮ್ಮಿದ ಸದ್ದು. ಹೆಂಗಸಿನ ದನಿ ಸಣ್ಣದು, ಸುರಪುರದ ಕಡೆಯದು.

"ಕರೆಂಟ್ ಹೋತ್ರಿ. ಗ್ವಾಡಿ ಮ್ಯಾಲಿನ ಬ್ಯಾಟರಿ ದೀಪ ಹತ್ತಿತು. ಒಂದ್ ಗಳಿಗಿ ಇತ್ತ್ ನೋಡ್ರಿ. ಆಮ್ಯಾಲ ಅದೂ ದೊಡ್ಡದಾತು."

ನಿಶಾಂತ ಹೆಡ್‌ಫೋನ್ ಕಿವಿಗೆ ಒತ್ತಿಕೊಂಡು ಮತ್ತೆ ಕೇಳಿದ. ಅದೂ ದೊಡ್ಡದಾತು.

ಅವನ ತಾಯಿ ವಿಶಾಲಾಕ್ಷಿ ದಿನಾ ಬೆಳಿಗ್ಗೆ ಅವನನ್ನು ಆಫೀಸಿಗೆ ಕಳಿಸುವ ಮೊದಲು ಹೇಳುವ ಮಾತು: ದೇವರ ಮುಂದಿನ ದೀಪ ದೊಡ್ಡದು ಮಾಡಿ ಹೋಗಪ್ಪಾ. ಆಗ ಅವನು ಬತ್ತಿಯನ್ನು ಎಣ್ಣೆಗೆ ಎಳೆದು ದೀಪ ನಂದಿಸುತ್ತಿದ್ದ. ದೀಪ ಆರಿತು, ದೀಪ ಆರಿಸು ಎಂಬ ಮಾತು ಆ ಮನೆಯಲ್ಲಿ ನಿಷಿದ್ಧ. ಅದು ಹೆಣದ ಮನೆಯ ಮಾತು. ಬಳೆ ಒಡೆದರೆ ಬಳೆ ಹೆಚ್ಚಾಯಿತು ಅನ್ನಬೇಕು. ದೀಪ ಆರಿದರೆ ದೊಡ್ಡದಾಯಿತು ಅನ್ನಬೇಕು. ತಾಯಿ ಟ್ಯೂಬ್‌ಲೈಟಿಗೂ ಹಾಗೇ ಅನ್ನುತ್ತಾಳೆಂದು ಅಪ್ಪ ನಗುತ್ತಿದ್ದ.

ಅದೂ ದೊಡ್ಡದಾತು. 'ಅದು' ಅಲ್ಲ, 'ಅದೂ.' ಕರೆಂಟು ಹೋಯಿತು, ಅದೂ ಹೋಯಿತು.

ಅವನು ಆಂಬಿಯಂಟನ್ನು ಸೊನ್ನೆಗೆ ಇಳಿಸಿದ. ಪರದೆ ಕಪ್ಪಾಯಿತು. ಇಪ್ಪತ್ತಕ್ಕಿಂತ ಕೆಳಗೆ ಬಂದಾಗಲೇ ಕೆಂಪೂ ನೀಲಿಯೂ ಒಂದೇ ಬೂದಾಗಿದ್ದವು. ಈಗ ಅದೂ ಇರಲಿಲ್ಲ. ಆ ಶೆಡ್ಡಿನ ಪ್ರತಿ ಕೊಳವೆಯನ್ನೂ ಅವನೇ ಕೂಡಿಸಿದ್ದ, ಯಾವುದು ಎಲ್ಲಿದೆಯೆಂದು ಅವನಿಗೆ ಬಾಯಿಪಾಠ. ಮೌಸನ್ನು ಒಂದು ಸುತ್ತು ಅಡ್ಡಾದಿಡ್ಡಿ ಓಡಿಸಿ, ಅಂದಾಜಿನ ಮೇಲೆ ತಣ್ಣೀರಿನ ವಾಲ್ವನ್ನು ಒತ್ತಿದ. ಹತ್ತು ಸಲ ಒತ್ತಿ ನೋಡಿದ. ಆರು ಸಲ ಹಬೆಯದು ಸಿಕ್ಕಿತು. ಅವನ ಎದುರು ರಿಯಾಕ್ಟರ್ ಏನೂ ಸದ್ದು ಮಾಡುತ್ತಿರಲಿಲ್ಲ, ಯಾರೂ ಬೇಗ ಬೇಗ ಎಂದು ಕೂಗುತ್ತಿರಲಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಆನಂದಕುಮಾರ ಆಡಿಯೋ ಕೇಳಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ತಿಳೀತಲ್ಲಣ್ಣಾ?"

"ತಿಳೀದೇ ಏನಾಗ್ತೈತಿ? ನಮ್ಮವ್ವನೂ ಹಂಗ ಅಂತಿದ್ಲು."

"ಮತ್ತ?"

"ಮತ್ತ ಏನು? ನಮ್ಮವ್ವ ಈ ಕೇಸಿನ್ಯಾಗ ಸಾಕ್ಷಿ ಅಲ್ಲ. ಕಾಗದದಾಗ ಏನೈತಿ? ಬೆಳಕು ಹೆಚ್ಚಾತು. ನಾವು ಕಾಗದಕ್ಕ ಬಣ್ಣ ಹಚ್ಚಾವ್ರು, ತಮ್ಮಾ. ಬಾಲ್ಕನ್ಯಾಗ ಬಿಸಿಲು ಖರೇವ ಬೀಳ್ತೈತೇನು, ಎದುರಿಗೆ ಬಿಲ್ಡಿಂಗ್ ಐತೇನು, ಯಾವಾಗರೆ ಕೇಳೀವೇನು?"

"ಇದು ಬಾಲ್ಕನಿ ಅಲ್ರಿ."

ಆನಂದಕುಮಾರ ಹೆಡ್‌ಫೋನಿನ ವಯರು ಸುತ್ತಿಟ್ಟ. "ಹೋಗು. ಅಕಿ ಕಡಿಂದ ಸಾಫ್ ಹೇಳಿಸ್ಕೊಂಡು ಬಾ, ವೀಡಿಯೋದಾಗ. ಬುಧವಾರ ವಕೀಲ ನರಹರಿ ಸಾರ್ ಬರ್ತಾರ, ತೋರಿಸೋಣು. ಅಲ್ಲೀತನಕ ಅರವತ್ತೆರಡ ಇರ್ಲಿ."

ಮರುದಿನ ಮಧ್ಯಾಹ್ನ ನಿಶಾಂತ ಜೀಡಿಮೆಟ್ಲಾಕ್ಕೆ ಹೋದ. ಕಾರ್ಖಾನೆಗಳ ಹಿಂದೆ, ಬಣ್ಣ ಬಣ್ಣದ ನೀರು ಹರಿಯುವ ಮೋರಿಗೆ ಬೆನ್ನು ಮಾಡಿ ತಗಡಿನ ಮನೆಗಳ ಒಂದು ಸಾಲು. ಸಾಲಿಗೆಲ್ಲ ಒಂದು ನಲ್ಲಿ. ನಲ್ಲಿಯ ಹತ್ತಿರ ಒಬ್ಬಳು ಕೊಡ ಹಿಡಿದು ನಿಂತಿದ್ದಳು. ಹಣೆ ಬರಿದಾಗಿತ್ತು, ಕೈಗಳೂ ಬರಿದಾಗಿದ್ದವು.

"ಯಾರ್ ಬೇಕ್ರಿ?"

"ಗದಿಗೆಮ್ಮ ಅಂತ, ತಾಯಪ್ಪನವರ..."

"ಓ, ವಾಲ್ವ್ ತಿರುವಿದವನ ಮನಿ! ಅಕಾ ಅಲ್ಲಿ, ಮೂರನೇದು. ಹೋಗ್ರಿ, ಹೋಗ್ರಿ, ಬೇಕಾದಷ್ಟ ಬೆಳಕೈತಿ, ದಾರಿ ಚಂದ ಕಾಣ್ತೈತಿ."

ಅವಳು ಗುರುಶಾಂತನ ಹೆಂಡತಿ ಜಯಮ್ಮ ಎಂದು ಒಳಗೆ ಹೋದ ಮೇಲೆ ತಿಳಿಯಿತು. ಎರಡೂ ಸಂಸಾರ ಒಂದೇ ಊರಿನವು, ಒಂದೇ ಬಸ್ಸಿಗೆ ಬಂದವು. ಕಳೆದ ತಿಂಗಳವರೆಗೂ ರೊಟ್ಟಿಗೆ ಒಂದೇ ಹಂಚು.

"ಹಂಚು ಅಕೀದ," ಎಂದಳು ಗದಿಗೆಮ್ಮ. "ಒಯ್ದಿಟ್ಕೊಂಡಾಳ. ಕುಂದರ್ರಿ ತಮ್ಮಾ. ಚಾ ಮಾಡ್ಲೇನ್ರಿ? ಹಾಲಿಲ್ಲ, ಕರೀ ಚಾ."

ಮೂವತ್ತೈದು ಇರಬಹುದು. ಬಲಗೈಗೆ ಬ್ಯಾಂಡೇಜು. ದಿನಾ ಬೆಳಿಗ್ಗೆ ದವಾಖಾನೆಗೆ ಹೋಗಿ ಬರುತ್ತಾಳೆ, ಒಳಗೆ ಬಿಡುವುದಿಲ್ಲ. "ಬಾಗಿಲದ ಕಾಜಿನ್ಯಾಗಿಂದ ನೋಡ್ತೀನ್ರಿ. ಮಾರಿ ಮ್ಯಾಲ ಅರಬಿ ಸುತ್ಯಾರ. ಕಾಲ ನೋಡಿ ಗುರ್ತ ಹಿಡೀತೀನಿ."

"ಅಕ್ಕಾ, ಬ್ಯಾಟರಿ ದೀಪ ದೊಡ್ಡದಾತು ಅಂದಿದ್ರೆಲ್ಲ. ಅಂದ್ರ ಏನಾತ್ರಿ?"

"ದೊಡ್ಡದಾತ್ರಿ. ಮತ್ತೇನಾಗ್ತೈತಿ?"

"ಬೆಳಕ ಜಾಸ್ತಿ ಆತೋ, ಹೋತೋ?"

ಕನ್ನಡ ಬರದವನನ್ನು ನೋಡುವ ಹಾಗೆ ಅವಳು ಅವನನ್ನು ನೋಡಿದಳು. "ಕತ್ತಲಾತ್ರಿ. ನನ್ನ ಕೈಯಾಗಿನ ಕಸಬರಿಗಿ ನನಗ ಕಾಣಲಿಲ್ಲ. ಗುರುಶಾಂತಣ್ಣ ಮ್ಯಾಲಿಂದ ಒದರಾಕತ್ತಿದ್ದ, ನೀರು ಬಿಡೋ ತಾಯಪ್ಪಾ, ನೀರು ಬಿಡೋ ಅಂತ. ನಮ್ಮ ಮನಿಯವ್ರು ಗ್ವಾಡಿ ಸವರಿಕೋತ ಹೋಗಿದ್ದು, ಅರಬಿ ಸಪ್ಪಳ ಕೇಳಿಸ್ತು ನನಗ."

"ಅವ್ರು ಬೆಳಕ ಜಾಸ್ತಿ ಆತು ಅಂತ ಬರ್ಕೊಂಡಾರ್ರಿ. ನಿಮ್ಮ ಮಾತಂತ."

ಗದಿಗೆಮ್ಮನ ಬಾಯಿ ಅರ್ಧ ತೆರೆದೇ ಉಳಿಯಿತು. ಆಮೇಲೆ ಅವಳು ನೋಡಿದ್ದು ನಿಶಾಂತನನ್ನಲ್ಲ, ಬಾಗಿಲಾಚೆ ನಲ್ಲಿಯ ಕಡೆಗೆ.

"ಅದಕ್ಕ ಅಕಿ ಬೆಳಕು ಬೆಳಕು ಅಂತ ಚುಚ್ಚಾಕತ್ತಾಳೇನ್ರಿ? ನನ್ನ ಮಾತಂತ ಅಕಿಗೆ ಓದಿ ಹೇಳ್ಯಾರ? ನಾ ಹಂಗ ಅಂದಿಲ್ರಿ! ನನ್ನ ಬಾಯಾಗಿಂದ ಹಂಗ ಬಂದ ಇಲ್ಲ!"

"ಅದಕ್ಕ ಬಂದೀನಿ. ಇಲ್ನೋಡ್ರಿ, ಇದು ಹಿಡೀತೀನಿ." ನಿಶಾಂತ ಫೋನ್ ಎತ್ತಿದ. "ಸಾಫ್ ಸೀದಾ ಹೇಳಿಬಿಡ್ರಿ. ಬ್ಯಾಟರಿ ದೀಪ ಆರಿತ್ತು..."

ಅವಳ ಬ್ಯಾಂಡೇಜಿನ ಕೈ ಅವನ ಬಾಯಿ ಮುಚ್ಚುವಂತೆ ಮೇಲೆದ್ದಿತು. "ಬಿಡ್ತು ಅನ್ರಿ! ಆ ಮಾತ ನನ್ನ ಮನ್ಯಾಗ ಆಡಬ್ಯಾಡ್ರಿ. ಅವ್ರು ಆ ಕಾಜಿನ ಒಳಗ ಮಲಗ್ಯಾರ. ನಾ ಹ್ಯಾಂಗ ಅನ್ಲಿ ಅದನ್ನ?"

"ಅಂದ್ರ ಅವ್ರು ಉಳೀತಾರ್ರಿ. ಜೈಲು ತಪ್ಪತೈತಿ."

"ಜೈಲಿಗೆ ಹೋಗಾಕರೆ ಜೀವ ಇರಬೇಕಲ್ರಿ."

ಕರಿ ಚಹಾ ಕುದಿದು ಉಕ್ಕಿತು. ಅವಳು ಎದ್ದು ಸ್ಟೋವ್ ನಂದಿಸಿದಳು. ಸ್ಟೋವಿಗೆ ಏನನ್ನಬೇಕೆಂದು ನಿಶಾಂತನಿಗೆ ತಿಳಿಯಲಿಲ್ಲ. ಏನಾದರೂ ಬೇರೆ ಮಾತು ಬೇಕಿತ್ತು, ಅವಳ ನಾಲಗೆಗೆ ಒಗ್ಗುವಂಥದು, ವಕೀಲರಿಗೂ ಅರ್ಥವಾಗುವಂಥದು.

"ಬಂದ್ ಆತು ಅನ್ರಿ," ಎಂದ.

ಅವಳು ಬಾಯೊಳಗೇ ಒಮ್ಮೆ ಅಂದು ನೋಡಿದಳು. "ಬಂದ್ ಆತು. ಹ್ಞಾಂ. ಅಂಗಡಿ ಬಂದ್ ಆದಂಗ. ಅದನ್ನ ಅನ್ನಬೌದ್ರಿ."

ಬಸ್ಸಿನಲ್ಲಿ ವೀಡಿಯೋ ನೋಡಿದಾಗ ನಿಶಾಂತನಿಗೆ ತಪ್ಪು ಕಂಡಿತು. ನಲವತ್ತು ಸೆಕೆಂಡಿನ ವೀಡಿಯೋ. ಗದಿಗೆಮ್ಮ ಬಾಯಿ ತೆರೆಯುವ ಮೊದಲು ಅವನದೇ ದನಿ ಕೇಳುತ್ತಿತ್ತು: "ಹ್ಞಾಂ ಅಕ್ಕಾ, ಬಂದ್ ಆತು ಅನ್ರಿ." ಆಮೇಲೆ ಅವಳು, ಶಾಲೆಯ ಹುಡುಗಿಯಂತೆ: "ಬ್ಯಾಟರಿ ದೀಪ ಬಂದ್ ಆತ್ರಿ." ಮೊದಲಿನ ಎರಡು ಸೆಕೆಂಡು ಕತ್ತರಿಸಿದರೆ ಮುಗಿಯಿತು. ದಿನಾ ಅವನು ಮಾಡುವುದೇ ಅದು. ಬೆರಳು ಕತ್ತರಿಯ ಗುರುತಿನ ಮೇಲೆ ಹೋಗಿ ನಿಂತಿತು. ಇದನ್ನೂ ಕತ್ತರಿಸಿದರೆ ಅವರ ಒಂಬತ್ತನೆಯ ಸಾಲಿಗೂ ತನ್ನದಕ್ಕೂ ಏನು ವ್ಯತ್ಯಾಸ ಅನ್ನಿಸಿತು. ಬಿಟ್ಟ. ಆಗ ಅದು ಪ್ರಾಮಾಣಿಕತೆ ಅನ್ನಿಸಿತ್ತು.

ಬುಧವಾರ ನಾಲ್ಕಕ್ಕೆ ವಕೀಲ ನರಹರಿ ಬಂದರು. ಹೈದರಾಬಾದಿನವರೇ, ತೆಲುಗು ಮನೆಮಾತು. ಹಿಂದೆ ಕಲಬುರಗಿಯಲ್ಲಿ ಮೂರು ವರ್ಷ ಲಾ ಓದಿದ್ದರಿಂದ ಕನ್ನಡ ಬರುತ್ತದೆಂಬ ಹೆಮ್ಮೆ. ಕುರ್ಚಿ ಎಳೆದು ಕೂತು, ಕೆಳಗಿನಿಂದ ತರಿಸಿದ ಇರಾನಿ ಚಹಾಕ್ಕೆ ಬಿಸ್ಕತ್ತು ಅದ್ದಿದರು. ನಿಶಾಂತ ಸೊನ್ನೆಯ ಚಿತ್ರ ಹಾಕಿದ.

ಬೆಳಗಿದ ಶೆಡ್ಡು, ನಡೆದಾಡುವ ಗೊಂಬೆಗಳು. ನಲವತ್ತನೆಯ ಸೆಕೆಂಡಿಗೆ ದೀಪಗಳು ಹೋದವು. ಬ್ಯಾಟರಿ ದೀಪ ಹತ್ತಿತು, ನಾಲ್ಕು ಸೆಕೆಂಡು ಇತ್ತು, ಹೋಯಿತು. ಪರದೆ ಕಪ್ಪು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು.

ನರಹರಿ ಬಿಸ್ಕತ್ತು ಕೈಯಲ್ಲೇ ಹಿಡಿದು ತಲೆಯೆತ್ತಿ ಫ್ಯಾನು ನೋಡಿದರು. "ಏಮಯ್ಯಾ, ಕರೆಂಟ್ ಪೋಯಿಂದಾ?"

"ಹೌದು ಸಾರ್," ಎಂದ ನಿಶಾಂತ. "ಅದೇ. ಕರೆಂಟು ಹೋಗಿದೆ."

ಆನಂದಕುಮಾರ ನಕ್ಕುಬಿಟ್ಟ, ತಕ್ಷಣ ನಿಲ್ಲಿಸಿದ. ನರಹರಿಗೆ ನಗು ಬರಲಿಲ್ಲ. ನಿಶಾಂತ ಆಡಿಯೋ ಹಾಕಿ, ದೊಡ್ಡದಾಯಿತು ಅಂದರೆ ಏನೆಂದು ತನ್ನ ತಾಯಿಯ ಮಾತಿನ ಉದಾಹರಣೆ ಕೊಟ್ಟು ಹೇಳಿದ. 'ಅದೂ' ಎಂಬುದರ ದೀರ್ಘವನ್ನು ಎರಡು ಸಲ ಕೇಳಿಸಿದ.

"ಬಾಬೂ, ಆ ತರ್ಜುಮೆ ನಂದೇ," ಎಂದರು ನರಹರಿ. "ದೊಡ್ಡದು ಅಂದರೆ ತೆಲುಗಿನಲ್ಲಿ ಪೆದ್ದದಿ. ಮೂರು ವರ್ಷ ಕಲಬುರಗಿಯ ಮೆಸ್ಸಿನಲ್ಲಿ ದೊಡ್ಡ ರೊಟ್ಟಿ, ಸಣ್ಣ ರೊಟ್ಟಿ ಅಂದ್ಕೊಂಡೇ ಊಟ ಮಾಡಿದೀನಿ. ದೊಡ್ಡ ರೊಟ್ಟಿ ಅಂದರೆ ರೊಟ್ಟಿ ಇಲ್ಲ ಅಂತನಾ?"

"ರೊಟ್ಟಿಗೆ ಅಲ್ಲ ಸಾರ್, ದೀಪಕ್ಕೆ ಮಾತ್ರ."

"ಸಮಿತಿಯಲ್ಲಿ ಮೂವರು ಇಂಜಿನಿಯರುಗಳಿದ್ದಾರೆ. ಅವರ ಮುಂದೆ ನಾನು ಹೋಗಿ, ಸಾರ್, ಜಾಸ್ತಿ ಅಂದರೆ ಇಲ್ಲ ಅಂತ ಅರ್ಥ, ಇವರ ಅಮ್ಮ ಹೇಳಿದ್ದಾರೆ, ಅನ್ನಲಾ?"

ನಿಶಾಂತ ಗದಿಗೆಮ್ಮನ ವೀಡಿಯೋ ತೋರಿಸಿದ. ಮೊದಲಿನ ಎರಡು ಸೆಕೆಂಡು ಕೇಳಿದ ಕೂಡಲೇ ನರಹರಿಯ ಮುಖ ಅರಳಿತು. ಉಳಿದದ್ದನ್ನು ಅವರು ಕೇಳಲೇ ಇಲ್ಲ.

"ನೀನು ಹೇಳಿಕೊಟ್ಟೆ, ಅವಳು ಹೇಳಿದಳು. ಇದನ್ನು ಹೊರಗೆ ತೋರಿಸಬೇಡ, ನಿನ್ನ ಮೇಲೇ ಕೇಸಾಗುತ್ತೆ. ಅರವತ್ತೆರಡರದ್ದು ಹಾಕು."

"ಅಷ್ಟು ಬೆಳಕಿರಲಿಲ್ಲ ಸಾರ್. ಐದು ಹಾಕ್ತೀನಿ."

"ಐದಕ್ಕೆ ಏನು ಕಾಣುತ್ತೆ?"

"ಏನೂ ಕಾಣಲ್ಲ."

"ಏನೂ ಕಾಣದ್ದಕ್ಕೆ ಫಿಲಂ ಯಾಕಯ್ಯಾ? ಐವತ್ತೈದು."

"ಹದಿನೈದು."

ಆನಂದಕುಮಾರ ನಡುವೆ ಬಂದ. "ಸಾರ್, ಹುಡುಗ ಅದಾನ, ಬಿಡ್ರಿ. ಐವತ್ತು ಮಾಡೋಣು. ನಿಶಾಂತ, ನೀನೂ ಜರಾ ಮ್ಯಾಲ ಬಾ."

ಸುಲ್ತಾನ್ ಬಜಾರಿನಲ್ಲಿ ಸೀರೆಗೆ ಚೌಕಾಸಿ ಮಾಡಿದ ಹಾಗೆ ಆಯಿತು. ನಿಶಾಂತ ಇಪ್ಪತ್ತೈದಕ್ಕೆ ಬಂದ, ಅವರು ನಲವತ್ತೈದಕ್ಕೆ ಇಳಿದರು. ಕೊನೆಗೆ ನಲವತ್ತಕ್ಕೆ ನಿಂತಿತು. ಚಿತ್ರದ ಅಡಿಯಲ್ಲಿ 'ಬೆಳಕಿನ ಪ್ರಮಾಣ ಅಂದಾಜಿನದು' ಎಂಬ ಒಂದು ಸಾಲು ಹಾಕಬೇಕು ಎಂದು ನಿಶಾಂತ ಹಟ ಹಿಡಿದ. ಹಾಕ್ಕೋ ಎಂದರು ನರಹರಿ. ಅವರು ಎದ್ದು ಹೋಗುವಾಗ ಅವನಿಗೆ, ಅರವತ್ತೆರಡರಿಂದ ಇಪ್ಪತ್ತೆರಡು ಇಳಿಸಿದೆನಲ್ಲ ಎಂಬ ಒಂದು ಗೆಲುವು. ಕುರ್ಚಿಗೆ ಬಂದು ಕೂತು ನಲವತ್ತು ಎಂದು ತಾನೇ ಒತ್ತಿದ. ಬೇರೆ ಯಾರೂ ಒತ್ತಿಸಲಿಲ್ಲ.

ನಲವತ್ತರಲ್ಲೂ ಕೆಂಪು ಕೆಂಪೇ, ನೀಲಿ ನೀಲಿಯೇ. ಇಪ್ಪತ್ತರ ಗೆರೆ ಅವನಿಗೆ ಮೊದಲೇ ಗೊತ್ತಿತ್ತು.

ಗುರುವಾರ ಸಮಿತಿ ಚಿತ್ರ ನೋಡಿತು. ಬೆಳಕು ಸಾಕಷ್ಟಿತ್ತು, ವಾಲ್ವುಗಳ ಪಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು, ಅವಘಡಕ್ಕೆ ಕೆಲಸಗಾರನ ಅಜಾಗರೂಕತೆ ಕಾರಣ ಎಂದು ವರದಿ ಬರೆಯಿತು. ಅದಾದ ಒಂಬತ್ತನೆಯ ದಿನ ತಾಯಪ್ಪ ಸತ್ತ. ವಾರ್ಡಿನ ಬಾಗಿಲಿನ ಕುರ್ಚಿ ಖಾಲಿಯಾಯಿತು. ಸತ್ತವನ ಮೇಲೆ ಕೇಸು ನಡೆಯುವುದಿಲ್ಲವಾದ್ದರಿಂದ ಪೊಲೀಸರು ಫೈಲು ಮುಚ್ಚಿದರು. ತಪ್ಪು ಮಾತ್ರ ಅವನ ಹೆಸರಿನಲ್ಲೇ ಉಳಿಯಿತು. ಇನ್ನು ಅದನ್ನು ಪ್ರಶ್ನಿಸುವ ಜಾಗವೂ ಇರಲಿಲ್ಲ.

ಮೂರು ವಾರದ ಮೇಲೆ ನಿಶಾಂತನಿಗೆ ಗದಿಗೆಮ್ಮನ ಫೋನು ಬಂತು. ಊರಲ್ಲಿ ಗಂಡನ ಮಣ್ಣು ಮುಗಿಸಿ ಬಂದಿದ್ದಳು, ಮನೆ ಖಾಲಿ ಮಾಡಲು.

"ತಮ್ಮಾ, ಆ ಫಿಲಮ್ ಎಲ್ಲರ ಫೋನ್ಯಾಗೂ ಐತಂತ. ನಂದು ಬಟನ್ ಫೋನ್. ನೀವು ತೋರಿಸ್ತೀರೇನ್ರಿ? ಅದರಾಗ ನಮ್ಮ ಮನಿಯವ್ರು ಅದಾರಂತ."

ಅವರ ಮುಖವಿಲ್ಲ, ಬರೀ ಗೊಂಬೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬರುತ್ತೇನೆ ಎಂದ.

ಚಿತ್ರ ಹೇಗೆ ಹೊರಬಂತೆಂದು ಅವನು ವಿಚಾರಿಸಿದ್ದ. ಕಾರ್ಖಾನೆಯವರು ಕೆಲಸಗಾರರನ್ನು ಕೂರಿಸಿ, ಎಚ್ಚರಿಕೆಯಿಂದಿರಿ ಎಂದು ಪರದೆಯ ಮೇಲೆ ತೋರಿಸಿದ್ದರು. ಯಾರೋ ಫೋನನ್ನು ಉದ್ದಕ್ಕೆ ಹಿಡಿದು, ವಾಲ್ವುಗಳ ಹತ್ತಿರಕ್ಕೆ ಎಳೆದು ತೆಗೆದುಕೊಂಡಿದ್ದರು. ಪಕ್ಕದ ಗೋಡೆಗಳು ಹೋಗಿದ್ದವು. ಅಡಿಯ ಸಾಲೂ ಹೋಗಿತ್ತು. ಉಳಿದದ್ದು ಕೆಂಪು, ನೀಲಿ, ನಡುವೆ ಒಂದು ಕೈ.

ಮೂರನೆಯ ಮನೆಯ ಮುಂದೆ ಎರಡು ಗಂಟು, ಒಂದು ಕೊಡ, ಕಸಬರಿಗೆ. ಗದಿಗೆಮ್ಮನ ಹಣೆಯೂ ಈಗ ಬರಿದಾಗಿತ್ತು. ಅವನನ್ನು ನೋಡಿ ಜಯಮ್ಮ ತನ್ನ ಬಾಗಿಲಿಂದ ಇಳಿದು ಬಂದಳು.

"ಅವ್ರ್ಯಾಕ ತೋರಿಸಬೇಕು? ನನ್ನ ಹಂತ್ಯಾಕ ಐತಿ, ನಾನ ತೋರಿಸ್ತೀನಿ ಬಾ," ಎಂದು ಫೋನನ್ನು ಗದಿಗೆಮ್ಮನ ಕಣ್ಣಿಗೆ ಹಿಡಿದಳು. "ನೋಡು, ನಿನ್ನ ಗಂಡನ ಕೈ."

ಗದಿಗೆಮ್ಮ ಪೂರ್ತಿ ನೋಡಿದಳು. ಬೂದು ಕೈ ಬಂತು, ನೀಲಿಯ ಮುಂದೆ ಹಾದುಹೋಯಿತು, ಕೆಂಪನ್ನು ಹಿಡಿಯಿತು, ತಿರುಗಿಸಿತು.

"ಇದು ಖರೇ ಅಲ್ಲ ಜಯಮ್ಮಾ," ಎಂದಳು. ದನಿ ಏರಲಿಲ್ಲ. "ದೀಪ ಆರಿತ್ತು."

ನಿಶಾಂತ ತಲೆಯೆತ್ತಿದ. ಅವಳು ಆ ಮಾತನ್ನು ಬೇರೆಲ್ಲ ಮಾತಿನ ಹಾಗೆಯೇ ಆಡಿದ್ದಳು.

"ಆರಿತ್ತು. ಗ್ವಾಡಿ ಮ್ಯಾಲಿಂದು ಹತ್ತಿತು, ಆರಿತು. ಅವತ್ತ ಬಾಯಿಗೆ ಬರಲಿಲ್ಲ. ಈಗ ಅನ್ನಾಕ ನನಗ ಯಾರ ಹೆದರಿಕಿ?"

"ಅವತ್ತ ಜಾಸ್ತಿ ಆತು ಅಂದಾಕಿ, ಇವತ್ತ ಆರಿತ್ತು ಅಂತಿ. ನಾಳಿ ಏನಂತಿ?" ಜಯಮ್ಮ ಫೋನ್ ಕುಲುಕಿದಳು. "ನಿನ್ನ ಮಾತ್ಯಾಕ ಬೇಕು? ನಾ ನನ್ನ ಕಣ್ಣಲೆ ನೋಡೀನಿ. ಹತ್ತ ಸಲ ನೋಡೀನಿ."

"ಅದು ನಾ ಮಾಡಿದ್ದ್ರಿ," ಎಂದ ನಿಶಾಂತ. "ಆ ಬೆಳಕು ನಾ ಹಾಕಿದ್ದು. ಅಲ್ಲಿ ಇರಲಿಲ್ಲ."

ಜಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇಲ್ಲದ್ದನ್ನ ಯಾಕ ಹಾಕಿದ್ರಿ?"

ನಿಶಾಂತ ಜೇಬಿಗೆ ಕೈ ಹಾಕಿದ. ತನ್ನ ಫೋನಿನಲ್ಲಿದ್ದ ಸೊನ್ನೆಯ ಚಿತ್ರ ತೆಗೆದು, ದೀಪ ಹೋದ ಮೇಲಿನ ಭಾಗಕ್ಕೆ ಓಡಿಸಿ ಅವಳ ಕೈಗೆ ಕೊಟ್ಟ. "ಖರೇದು ಇದು. ಹಿಂಗಿತ್ತು."

ಬಿಸಿಲಿನಲ್ಲಿ ಕಪ್ಪು ಗಾಜು ಹೊಳೆಯಿತು. ಜಯಮ್ಮನಿಗೆ ಅದರಲ್ಲಿ ಕಂಡದ್ದು ಅವಳದೇ ಮುಖ, ಹಿಂದೆ ತಗಡಿನ ಸಾಲು. ಅತ್ತ ಇತ್ತ ತಿರುಗಿಸಿ ನೋಡಿ ವಾಪಸು ಕೊಟ್ಟಳು. "ಇದರಾಗ ಏನೂ ಇಲ್ಲಲ್ರಿ. ನೀವು ಅಕಿ ಕಡಿಯವ್ರು. ಅವತ್ತೂ ಅಕಿ ಮನಿಗೇ ಬಂದಿದ್ರಿ."

ಅವಳ ಫೋನಿನಲ್ಲಿ ಚಿತ್ರ ಮುಗಿದು ತಾನಾಗೇ ಮತ್ತೆ ಶುರುವಾಗಿತ್ತು. ಗದಿಗೆಮ್ಮ ಅದರ ಕಡೆ ಬಾಗಿ, ಬ್ಯಾಂಡೇಜು ಬಿಚ್ಚಿದ ಬೆರಳಿನಿಂದ ನೀಲಿ ಪಟ್ಟಿಯನ್ನು ಮುಟ್ಟಿದಳು.

"ಇಷ್ಟ ಬೆಳಕಿದ್ರ ಅವ್ರಿಗೆ ಕಾಣ್ತಿತ್ತಲ್ಲ, ಜಯಮ್ಮಾ."

"ಕಾಣ್ತಿತ್ತು," ಎಂದಳು ಜಯಮ್ಮ. "ನಾನೂ ಅದನ್ನ ಹೇಳಾಕತ್ತೀನಿ."

ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ಬಾಗಿಲಲ್ಲಿದ್ದ ಕೊಡ ಎತ್ತಿಕೊಂಡು ಅವಳು ನಲ್ಲಿಯ ಕಡೆ ಹೋದಳು.